ಒಂದು ಜಿಲ್ಲೆ, ಮೂರು ರಾಜ್ಯ, ಒಂದೇ ಗಾಡಿ

ಉದಗೀರ ಸ್ಟೇಷನ್ನಿನಲ್ಲಿ ಟಿಕೆಟ್ ಕೇಳುವುದು ಮರಾಠಿಯಲ್ಲಿ, ಸೀಟಿಗಾಗಿ ಜಗಳ ದಖ್ಖನಿಯಲ್ಲಿ. ಕಾಲು ಚಾಚಲು ಜಾಗ ಸಿಕ್ಕಿತೆಂದರೆ ಮಾತು ಕನ್ನಡಕ್ಕೆ ಹೊರಳುತ್ತದೆ. ತೊಗರಿ ಚೀಲವನ್ನು ಸೀಟಿನಡಿ ತಳ್ಳುತ್ತಿದ್ದ ಹಿರಿಯರೊಬ್ಬರನ್ನು ‘ಯಾ ಕಡಿ ಹೊಂಟೀರಿ ಕಾಕಾ?’ ಅಂದೆ. ‘ಭಾಲ್ಕಿಗಿ. ಮಗಳ ಮನಿ ಅದ. ನಮ್ಮಪ್ಪನ ಕಾಲಕ್ಕ ಇದೆಲ್ಲ ಒಂದೇ ಜಿಲ್ಲಾ ಇತ್ರೀ. ಗಡಿ ಆಮ್ಯಾಲ ಬಂತು, ಗಾಡಿ ಮೊದಲೇ ಇತ್ತು’ ಎಂದರು.

ಕಾಕಾ ಹೇಳಿದ್ದು ನಿಜ. ವಿಕಾರಾಬಾದಿನಿಂದ ಪರಳಿ ವೈಜನಾಥದ ಕಡೆ ಹೋಗುವ ಈ ಹಳಿ ನಿಜಾಮರ ಕಾಲದ್ದು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಒಡೆದಾಗ ಬೀದರ ಜಿಲ್ಲೆಯೂ ಒಡೆಯಿತು. ಉದಗೀರ, ನಿಲಂಗಾ, ಅಹ್ಮದಪುರ ಮರಾಠಿ ಕಡೆ ಹೋದವು, ಜಹೀರಾಬಾದ್ ತೆಲುಗು ಕಡೆ ಹೋಯಿತು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಅಂದು ಒಂದೇ ಜಿಲ್ಲೆಯಲ್ಲಿದ್ದ ಸ್ಟೇಷನ್ನುಗಳು ಇಂದು ಮೂರು ರಾಜ್ಯಗಳಲ್ಲಿವೆ.

ಈ ಊರುಗಳನ್ನು ಇಳಿದಿಳಿದು ನೋಡಲು ನಿಧಾನದ ಗಾಡಿಯೇ ಸರಿ. ಇಟಲಿಯಲ್ಲೂ ಕಡಿಮೆ ದುಡ್ಡಿನಲ್ಲಿ ಊರೂರು ಸುತ್ತುವವರು ವೇಗದ ರೈಲು ಬಿಟ್ಟು ‘ರೆಜೊನಾಲೆ’ ಎಂಬ ನಿಧಾನದ ಗಾಡಿ ಹತ್ತುತ್ತಾರೆ. ತಿಂಗಳ ಮೊದಲೇ ಕೊಂಡರೂ ಅದೇ ದರ, ಹೊರಡುವ ಹೊತ್ತಿಗೆ ಕೊಂಡರೂ ಅದೇ ದರ. ನಮ್ಮಲ್ಲಿ ಆ ಕೆಲಸ ಪ್ಯಾಸೆಂಜರ್ ಗಾಡಿಯದು. ಒಂದೇ ಟಿಕೆಟ್ಟಿನಲ್ಲಿ ನಡುವೆ ಇಳಿದು ಮತ್ತೆ ಹತ್ತುವ ಸವಲತ್ತು 500 ಕಿಲೊಮೀಟರ್ ಮೀರಿದ ಪ್ರಯಾಣಕ್ಕೆ ಮಾತ್ರ. ಹಾಗಾಗಿ ಇಲ್ಲಿ ಇಳಿದಲ್ಲೆಲ್ಲ ಹೊಸ ಟಿಕೆಟ್ ತೆಗೆಯಬೇಕು. ಅದೇನು ಹೊರೆಯಲ್ಲ. ಕೋವಿಡ್ ನಂತರ 30 ರೂಪಾಯಿಗೆ ಏರಿದ್ದ ಪ್ಯಾಸೆಂಜರ್ ಕನಿಷ್ಠ ದರ 2024ರ ಫೆಬ್ರುವರಿ ಕೊನೆಗೆ ಮತ್ತೆ 10ಕ್ಕೆ ಇಳಿದಿದೆ.

ಹೊರಡುವ ಮೊದಲು ಉದಗೀರದ ಕೋಟೆ ನೋಡಿ. 1760ರಲ್ಲಿ ಸದಾಶಿವರಾವ್ ಭಾವೂನ ಮರಾಠಾ ಸೈನ್ಯ ನಿಜಾಮನನ್ನು ಸೋಲಿಸಿದ್ದು ಇಲ್ಲಿಯೇ. ಅದೇ ಭಾವೂ ಮರುವರ್ಷ ಪಾಣಿಪತ್ತಿನಲ್ಲಿ ಮಡಿದ. ಕೋಟೆ ನೋಡಿ ಬಂದು ಒಂದು ಪ್ಲೇಟು ಮಂಡಕ್ಕಿ ಸುಶೀಲಾ, ಒಂದು ಕಪ್ ಚಹಾ ಮುಗಿಸುವಷ್ಟರಲ್ಲಿ ಗಾಡಿ ಬಂದಿರುತ್ತದೆ.

ಗಡಿ ದಾಟಿದ ಮೇಲೆ ಬರುವ ಸ್ಟೇಷನ್ ಕಮಲನಗರ. ನಾನು ಈ ದಾರಿ ಹಿಡಿದದ್ದೇ ಈ ಊರಿಗಾಗಿ. ಇಲ್ಲಿ ನಿಲ್ಲದ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರಿಗೆ ಕಿಟಕಿಯಿಂದ ಹೆಸರು ಓದುವುದೂ ಕಷ್ಟ. ಡಾ. ಚನ್ನಬಸವ ಪಟ್ಟದ್ದೇವರು 1890ರಲ್ಲಿ ಹುಟ್ಟಿದ್ದು ಇಲ್ಲಿ. ಮುಂದೆ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದರು. ನಿಜಾಮರ ಆ ಕಾಲದಲ್ಲಿ ಆಡಳಿತ, ಕೋರ್ಟು, ಶಾಲೆ ಎಲ್ಲ ಉರ್ದುವಿನಲ್ಲಿ. ಕನ್ನಡದ ಮಕ್ಕಳು ಕನ್ನಡದ ಅಕ್ಷರ ಕಾಣದೆ ದೊಡ್ಡವರಾಗುತ್ತಿದ್ದರು. ಸ್ವಾಮಿಗಳು ಬಾಗಿಲ ಮೇಲೆ ಉರ್ದು ಶಾಲೆಯೆಂದು ಬೋರ್ಡು ತೂಗುಹಾಕಿದರು, ಒಳಗೆ ಕನ್ನಡ ಕಲಿಸಿದರು. ಭಾಷಣವಿಲ್ಲ, ಮೆರವಣಿಗೆಯಿಲ್ಲ. ಹೊರಗಿನವರು ಓದಲು ಒಂದು ಬೋರ್ಡು, ಒಳಗಿನವರು ಬರೆಯಲು ಒಂದು ಪಾಟಿ. ಬೀದರ ಸೀಮೆ ಇಂದು ಕನ್ನಡದಲ್ಲಿ ಅರ್ಜಿ ಬರೆಯುತ್ತಿದ್ದರೆ ಅದರಲ್ಲಿ ಆ ಬೋರ್ಡಿನ ಪಾಲು ಸಣ್ಣದಲ್ಲ. ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎಬ್ಬಿಸಿದವರೂ ಅವರೇ. ನೂರು ವರ್ಷ ದಾಟಿ ಬದುಕಿ, 1999ರಲ್ಲಿ ಲಿಂಗೈಕ್ಯರಾದರು. ಮುಂದಿನ ಗಾಡಿ ಹಿಡಿದು ಭಾಲ್ಕಿಯಲ್ಲಿ ಇಳಿದರೆ ಅವರ ಮಠ ನೋಡಬಹುದು.

ಭಾಲ್ಕಿ ಬಿಟ್ಟ ಮೇಲೆ ಕಿಟಕಿಯಾಚೆ ಕಣ್ಣಿಡಿ. ಉದಗೀರದಿಂದ ಜೊತೆಗೆ ಬಂದ ಎರೆಮಣ್ಣು ಮುಗಿದು ಬೀದರದ ಕೆಮ್ಮಣ್ಣು ಬರುತ್ತದೆ. ಬೀದರದಲ್ಲಿ ಬಹಮನಿ ಕೋಟೆಯಿದೆ, 1472ರ ಮಹಮೂದ್ ಗವಾನನ ಮದರಸಾ ಇದೆ, ಕೆಂಪುಕಲ್ಲು ಕೊರೆದು ನೀರು ಹರಿಸಿದ ನೌಬಾದಿನ ಕರೇಜ್ ಇದೆ. ಇವುಗಳ ಬಗ್ಗೆ ಬರೆದವರು ಬಹಳ. ಬಿದ್ರಿ ಪಾತ್ರೆಗೆ ಕಪ್ಪು ಬಣ್ಣ ಬರುವುದು ಕೋಟೆಯ ಹಳೆಯ ಮಣ್ಣಿನಿಂದ ಎಂಬುದನ್ನಷ್ಟೇ ನೆನಪಿಸುತ್ತೇನೆ. 2017ರಿಂದ ಇಲ್ಲಿಂದ ಹುಮನಾಬಾದ್ ಮೇಲೆ ಕಲಬುರಗಿಗೂ ಹಳಿಯಿದೆ.

ತೊಂದರೆಗಳೂ ಇವೆ. ಪ್ಯಾಸೆಂಜರ್ ಗಾಡಿಗಳು ಕಡಿಮೆ. ಕ್ರಾಸಿಂಗ್ ಬಿದ್ದರೆ ಹೊಲದ ನಡುವೆಯೇ ನಿಲ್ಲಬೇಕು. ಒಂದು ಗಾಡಿ ತಪ್ಪಿದರೆ ಅರ್ಧ ದಿನ ಹೋದಂತೆ. ಗಡಿಯಾಚೆಯ ಉಮರ್ಗಾ, ನಿಲಂಗಾದ ಕನ್ನಡಿಗರಿಗಂತೂ ಊರಲ್ಲಿ ಸ್ಟೇಷನ್ನೇ ಇಲ್ಲ. ಬಸ್ಸು ಹಿಡಿದು ಬಂದು ರೈಲು ಹತ್ತಬೇಕು. ನೆಂಟಸ್ತಿಕೆ, ಸಂತೆ, ದವಾಖಾನೆ ಎಲ್ಲ ಗಡಿಯ ಎರಡೂ ಕಡೆ ಇರುವಾಗ ಗಾಡಿಗಳನ್ನು ಎಣಿಸಿ ಬಿಡುವುದು ಈ ಸೀಮೆಗೆ ನ್ಯಾಯವಲ್ಲ.

ಗಡಿಭಾಗದ ಶಾಲೆಗಳ ಮಾಸ್ತರರಿಗೆ ಒಂದು ಮಾತು. ಈ ಸಲ ಮಕ್ಕಳ ಪ್ರವಾಸಕ್ಕೆ ದೂರದ ಊರಿಗೆ ಬಸ್ಸು ಗೊತ್ತುಮಾಡಬೇಡಿ. ವೇಳಾಪಟ್ಟಿ ಮೊದಲೇ ವಿಚಾರಿಸಿ, ಬೆಳಗಿನ ಪ್ಯಾಸೆಂಜರ್ ಹತ್ತಿಸಿ ಕಮಲನಗರದಲ್ಲಿ ಇಳಿಸಿ. ಆ ಬೋರ್ಡಿನ ಕಥೆಯನ್ನು ಅದು ನಡೆದ ಸೀಮೆಯಲ್ಲೇ ಹೇಳಿ.