ತಲಕಾಡಿನ ನೆಲ, ನೀರು ಮತ್ತು ಗಾಳಿ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಕಪಿಲಾ ನದಿಯು ಕಾವೇರಿಯನ್ನು ಕೂಡುವುದು. ಅಲ್ಲಿಂದ ಕೆಲವು ಮೈಲಿ ಕೆಳಗೆ, ನದಿಯು ಥಟ್ಟನೆ ಬಾಗುವ ಸ್ಥಳದಲ್ಲಿ, ಎಡದಂಡೆಯ ಮೇಲೆ ತಲಕಾಡು ಗ್ರಾಮವಿದೆ. ಇದಿರು ದಡದಲ್ಲಿ ಆಳವಾದ ಮಡುವಿಗೆ ಹೆಸರಾದ ಮಾಲಂಗಿ ಇರುವುದು. ಒಂದು ಕಡೆ ಮರಳಿನ ಗುಡ್ಡೆಗಳು, ಮತ್ತೊಂದು ಕಡೆ ಹಸುರಾದ ಗದ್ದೆಬಯಲು. ಇಷ್ಟು ಸಮೀಪದಲ್ಲಿ ಇವೆರಡನ್ನೂ ಒಟ್ಟಿಗೆ ಕಾಣುವುದು ಅಪೂರ್ವವೇ ಸರಿ.

ಗಂಗರಸರಿಗೆ ರಾಜಧಾನಿಯಾಗಿದ್ದ ಈ ಊರು ಬಳಿಕ ಚೋಳರ ವಶವಾಗಿ, 12ನೆಯ ಶತಮಾನದ ಆದಿಯಲ್ಲಿ ಹೊಯ್ಸಳ ವಿಷ್ಣುವರ್ಧನನ ಕೈಸೇರಿತು. ಅವನ ಕಾಲದ ಕೀರ್ತಿನಾರಾಯಣ ದೇವಾಲಯವೂ ಮರಳಿನಲ್ಲಿ ಹುದುಗಿಹೋಗಿದ್ದು, ಅದನ್ನು ಅಗೆದು ತೆರೆಯಬೇಕಾಯಿತು. ಮರಳು ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಂತೆ ಊರಿನ ಮೇಲೆ ಸರಿದುಬರುತ್ತಿತ್ತೆಂದೂ, ನಿವಾಸಿಗಳು ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಗಿತ್ತೆಂದೂ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಹೇಳಿದೆ. 1610ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ಕೈಸೇರಿದಾಗ ಅಲಮೇಲಮ್ಮನು ಕೊಟ್ಟ ಶಾಪವೇ ಇದಕ್ಕೆ ಕಾರಣವೆಂಬುದು ಜನರ ನಂಬುಗೆ. ಶಾಪದ ಮಾತು ಹೇಗೇ ಇರಲಿ, ವ್ಯವಸಾಯಗಾರನು ಇಲ್ಲಿ ನೆಲ, ನೀರು, ಗಾಳಿಗಳ ಸಂಬಂಧವನ್ನು ಗಮನಿಸಬೇಕು.

ತಲಕಾಡಿಗೆ ನೈಋತ್ಯ ಮಾರುತದ ಗಾಳಿ ಹೆಚ್ಚು, ಮಳೆ ಕಡಿಮೆ. ಪಶ್ಚಿಮಘಟ್ಟಗಳು ಮೋಡದ ನೀರನ್ನು ಮೊದಲೇ ಹಿಂಡಿಬಿಡುತ್ತವೆ. ಇಲ್ಲಿಯ ಮಳೆಯ ದೊಡ್ಡ ಪಾಲು ಮೇ ತಿಂಗಳಿನಲ್ಲಿಯೂ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿಯೂ ಬೀಳುವುದು. ನದಿಯ ನೀರಾದರೋ ಕೊಡಗಿನ ಮತ್ತು ವೈನಾಡಿನ ಮಳೆಯಿಂದ ಬರತಕ್ಕುದು. ಬೇಸಗೆಯಲ್ಲಿ ಹೊಳೆ ಬತ್ತಿ ಮರಳು ಬಯಲಾಗುವುದು. ಪ್ರವಾಹವು ಬಂದು ಅದನ್ನು ಮುಚ್ಚುವ ಮೊದಲೇ ಮುಂಗಾರಿನ ಗಾಳಿ ಬೀಸತೊಡಗಿ, ಒಣಮರಳನ್ನು ಎತ್ತಿ ಎಡದಂಡೆಯ ಮೇಲೆ ಸುರಿಯುವುದು.

ವಿಜಯನಗರದ ಕಾಲದಲ್ಲಿ ಊರಿನ ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟನ್ನು ಕಟ್ಟಲಾಯಿತು. ಅದರ ನಾಲೆಯೇ ಇಂದಿಗೂ ಇಲ್ಲಿಯ ಭತ್ತದ ಬೆಳೆಗೆ ಆಧಾರ. ಆದರೆ ಆ ಕಟ್ಟೆಯಿಂದ ಕೆಳಗಿನ ಹರಿವು ಕುಗ್ಗಿ, ಹೊಳೆಯ ಪಾತ್ರದ ಮರಳು ಗಾಳಿಗೆ ಒಡ್ಡಲ್ಪಟ್ಟಿತೆಂದು ಕೃಷಿವಿಜ್ಞಾನಿ ಕೆ. ಎನ್. ಗಣೇಶಯ್ಯನವರು ಅಭಿಪ್ರಾಯಪಟ್ಟಿದ್ದಾರೆ. ಹಾಗಿದ್ದಲ್ಲಿ, ಗದ್ದೆಗೆ ಅನ್ನವಿತ್ತ ಕಟ್ಟೆಯೇ ಹಳೆಯ ಊರಿನ ಮೇಲೆ ಮರಳನ್ನು ಹೊದಿಸಿದಂತಾಯಿತು. ಕಟ್ಟೆಯನ್ನು ದೂರುವುದಕ್ಕಾಗಿ ಈ ಮಾತಲ್ಲ; ನೀರನ್ನು ತಿರುಗಿಸಿದವನು ದಡವನ್ನೂ ಕಾಯಬೇಕೆಂಬುದೇ ಇದರ ತಾತ್ಪರ್ಯ.

ಈಗ ಗುಡ್ಡೆಗಳ ಮೇಲೆ ನೀಲಗಿರಿ ಮೊದಲಾದ ಮರಗಳು ಬೆಳೆದಿವೆ. ಬೇರು ಹಿಡಿದಲ್ಲಿ ಮರಳು ನಿಲ್ಲುವುದು. ಮರ ಕಡಿದಲ್ಲಿ ಅದು ಮತ್ತೆ ನಡೆಯುವುದು.

ಹೊಳೆಯ ನಡತೆಯೂ ಮೊದಲಿನಂತಿಲ್ಲ. ಮೇಲ್ಗಡೆ ಕಾವೇರಿಗೆ ಕೃಷ್ಣರಾಜಸಾಗರವೂ, 1974ರಿಂದ ಕಪಿಲೆಗೆ ಕಬಿನಿ ಜಲಾಶಯವೂ ಇವೆ. ಜಲಾಶಯಗಳು ತುಂಬಿ ನೀರನ್ನು ಒಮ್ಮೆಲೇ ಹೊರಬಿಟ್ಟಾಗ, ಊರಿನಲ್ಲಿ ಹನಿ ಮಳೆಯಿಲ್ಲದಿದ್ದರೂ ತಗ್ಗಿನ ಹೊಲಗಳು ಮುಳುಗಬಹುದು. 2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳನ್ನು ಈ ಪ್ರಾಂತದವರು ಮರೆತಿರಲಾರರು.

ಆದಕಾರಣ ನದೀತೀರದ ಗ್ರಾಮಗಳ ಮುಖ್ಯಸ್ಥರೂ ಭೂಮಾಲೀಕರೂ ಗಮನಿಸಬೇಕಾದ ಅಂಶಗಳು ಇವು: ದಡದ ಅಂಚಿನವರೆಗೂ ಉಳದೆ ಒಂದು ಪಟ್ಟಿಯನ್ನು ಬೀಳುಬಿಟ್ಟು, ಅಲ್ಲಿ ಲಾವಂಚ, ಬಿದಿರು, ಹೊಂಗೆಗಳನ್ನು ಬೆಳೆಸತಕ್ಕದ್ದು. ಗಾಳಿ ಬರುವ ದಿಕ್ಕಿಗೆ ಅಡ್ಡಲಾಗಿ ಮರಗಳ ಸಾಲನ್ನು ನೆಡತಕ್ಕದ್ದು. ದಡದ ಬುಡದಿಂದ ಮರಳನ್ನು ತೆಗೆಯಲು ಯಾರಿಗೂ ಆಸ್ಪದ ಕೊಡಬಾರದು. ಜಲಾಶಯದಿಂದ ನೀರು ಬಿಡುವ ಸೂಚನೆ ಬಂದೊಡನೆ ಅದನ್ನು ಊರಿನಲ್ಲೆಲ್ಲ ಸಾರಿಸಿ, ದನಕರುಗಳನ್ನೂ ಪಂಪುಗಳನ್ನೂ ಎತ್ತರದ ಸ್ಥಳಕ್ಕೆ ಸಾಗಿಸುವ ಏರ್ಪಾಡು ಮಾಡಬೇಕು.

ಹಳೆಯ ತಲಕಾಡು ಒಂದೇ ದಿನದಲ್ಲಿ ಹೂಳಿಹೋಗಲಿಲ್ಲ. ವರ್ಷಕ್ಕೆ ಕೆಲವು ಅಡಿಗಳಂತೆ ಹೋಯಿತು. ಅಷ್ಟು ಮೆಲ್ಲನೆ ಬರುವ ಹಾನಿಯನ್ನು ಮೊದಲ ವರ್ಷವೇ ಗುರುತಿಸುವುದು ಗ್ರಾಮದ ಹಿರಿಯರ ಕರ್ತವ್ಯವಾಗಿದೆ.