ತಂತ್ರಮತವೂ ಪ್ರತಿಪಕ್ಷವೂ

ತಾನು ಮೆಚ್ಚಿದ ಅಭ್ಯರ್ಥಿಗೆ ಗೆಲವು ದೊರೆಯದೆಂದು ತೋರಿದಾಗ, ತನಗೆ ಬೇಡವಾದವನನ್ನು ಸೋಲಿಸಬಲ್ಲ ಮತ್ತೊಬ್ಬನಿಗೆ ಮತದಾರನು ಮತವೀಯುವುದುಂಟು. ಇದನ್ನು ತಂತ್ರಮತವೆನ್ನಬಹುದು. ಹೆಚ್ಚು ಮತ ಪಡೆದವನೊಬ್ಬನೇ ಆರಿಸಿಬರುವ ಪದ್ಧತಿಯಲ್ಲಿ, ಮೂರು ಪಕ್ಷಗಳು ಸೆಣಸುವೆಡೆ, ಇದಕ್ಕೆ ಆಸ್ಪದವು ವಿಶೇಷವಾಗಿರುವುದು.

ರಾಯಚೂರು ಜಿಲ್ಲೆಯನ್ನು ನಿದರ್ಶನವಾಗಿ ನೋಡಬಹುದು. 2023ನೆಯ ಇಸವಿಯ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ರಾಯಚೂರು ನಗರವು ಭಾರತೀಯ ಜನತಾ ಪಕ್ಷದ ಶಿವರಾಜ ಪಾಟೀಲರನ್ನೂ, ಮಾನ್ವಿಯು ಕಾಂಗ್ರೆಸ್ಸಿನ ಹಂಪಯ್ಯ ನಾಯಕರನ್ನೂ, ದೇವದುರ್ಗವು ಜಾತ್ಯತೀತ ಜನತಾದಳದ ಕರೆಮ್ಮ ನಾಯಕರನ್ನೂ ಆರಿಸಿದುವು. ದೇವದುರ್ಗದಲ್ಲಿ ಸೋತವರು 2018ರಲ್ಲಿ ಗೆದ್ದಿದ್ದ ಭಾರತೀಯ ಜನತಾ ಪಕ್ಷದ ಶಿವನಗೌಡ ನಾಯಕರು. ಆ ಪಕ್ಷವನ್ನು ತಡೆಯುವುದೇ ಉದ್ದೇಶವಾಗಿದ್ದವನಿಗೆ ಅಲ್ಲಿ ಒದಗಿದ ಸಾಧನವು ಜನತಾದಳ. ಮತವು ಗುಪ್ತವಾದುದರಿಂದ, ಹಾಗೆ ಎಣಿಸಿದವರೆಷ್ಟು ಮಂದಿಯೆಂಬುದನ್ನು ಫಲಿತಾಂಶವು ಹೇಳಲಾರದು.

ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜನತಾದಳವು ಭಾರತೀಯ ಜನತಾ ಪಕ್ಷದ ಮೈತ್ರಿಕೂಟವನ್ನು ಸೇರಿತು. ತಡೆಯಲೆಂದು ಕೊಟ್ಟ ಮತವು ತಡೆಯಬೇಕಾದವರ ಪಾಳೆಯಕ್ಕೇ ಸಂದಿತು. ತಂತ್ರಮತವು ಒಬ್ಬನನ್ನು ಸೋಲಿಸಬಲ್ಲುದು, ಗೆದ್ದವನನ್ನು ಕಟ್ಟಿಹಾಕಲಾರದು.

ಸಂಖ್ಯಾಬಲ ಮಾತ್ರದಿಂದಲೂ ಪ್ರತಿಪಕ್ಷವು ಸಮರ್ಥವಾಗದು. 224 ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನಗಳು ಬಂದಾಗ, ಭಾರತೀಯ ಜನತಾ ಪಕ್ಷಕ್ಕೆ 66 ಇದ್ದರೂ ವಿರೋಧಪಕ್ಷದ ನಾಯಕರಾಗಿ ಆರ್. ಅಶೋಕರು ಆಯ್ಕೆಯಾದುದು ನವೆಂಬರಿನಲ್ಲಿ. ಆಯವ್ಯಯವು ಮಂಡಿತವಾದ ಜುಲೈ ಅಧಿವೇಶನವು ಅಷ್ಟರಲ್ಲಿ ಮುಗಿದಿತ್ತು. ಪ್ರಶ್ನಿಸುವುದು, ಲೆಕ್ಕ ಕೇಳುವುದು, ಬದಲು ಮಾರ್ಗವನ್ನು ತೋರುವುದು—ಇವು ಪ್ರತಿಪಕ್ಷದ ಧರ್ಮ. ಇವನ್ನು ನಡಸುವವರಿದ್ದಾರೆಯೇ ಎಂಬುದನ್ನು ಮತದಾರನು ಚುನಾವಣೆಯ ತರುವಾಯವೂ ವಿಚಾರಿಸುತ್ತಿರಬೇಕು.