ನೇಟ್ರಾನ್ ಸರೋವರದ ಚಿತ್ರಗಳು

2013ರಲ್ಲಿ ಕೆಲವು ಛಾಯಾಚಿತ್ರಗಳು ಜಗತ್ತಿನೆಲ್ಲೆಡೆ ಹರಿದಾಡಿದವು. ಒಣಕೊಂಬೆಯ ಮೇಲೆ ಕುಳಿತ ಹದ್ದು, ನೀರಿನಲ್ಲಿ ಕತ್ತು ಬಾಗಿಸಿದ ರಾಜಹಂಸ, ಒಂದು ಬಾವಲಿ. ಎಲ್ಲದರ ಮೈಮೇಲೂ ಬೂದುಬಣ್ಣದ ಗಟ್ಟಿ ಪದರ. ಮುಟ್ಟಿದ ಜೀವಿಗಳನ್ನೆಲ್ಲ ಕಲ್ಲಾಗಿಸುವ ಸರೋವರ ಆಫ್ರಿಕದಲ್ಲಿದೆ ಎಂದು ಎಷ್ಟೋ ಪತ್ರಿಕೆಗಳು ತಲೆಬರಹ ಕೊಟ್ಟವು. ಚಿತ್ರ ತೆಗೆದವರು ಬ್ರಿಟನ್ನಿನ ಛಾಯಾಗ್ರಾಹಕ ನಿಕ್ ಬ್ರಾಂಟ್. ಸರೋವರ ಉತ್ತರ ಟಾಂಜಾನಿಯದ ನೇಟ್ರಾನ್.

ತಲೆಬರಹ ಸುಳ್ಳು. ದಡದಲ್ಲಿ ಸತ್ತು ಬಿದ್ದಿದ್ದ ಜೀವಿಗಳನ್ನು ಎತ್ತಿ, ಬದುಕಿದ್ದಾಗಿನ ಭಂಗಿಯಲ್ಲಿ ಕೂರಿಸಿ ಈ ಚಿತ್ರಗಳನ್ನು ತೆಗೆದದ್ದಾಗಿ ಬ್ರಾಂಟ್ ಅವರೇ ಹೇಳಿದ್ದಾರೆ. ನೀರಿನಲ್ಲಿರುವ ಸೋಡಾ ಮತ್ತು ಉಪ್ಪು ಶವಗಳಿಗೆ ಮೆತ್ತಿಕೊಂಡು, ಅವು ಕೊಳೆಯದಂತೆ ಒಣಗಿಸಿಟ್ಟಿದ್ದವು. ಪ್ರಾಚೀನ ಈಜಿಪ್ಟಿನವರು ಮಮ್ಮಿ ಮಾಡಲು ಹೆಣದ ನೀರಿನಂಶ ತೆಗೆಯುತ್ತಿದ್ದದ್ದೂ ಇದೇ ಬಗೆಯ ಸೋಡಾ ಲವಣದಿಂದ. ಆ ಚಿತ್ರಗಳು ಸುಂದರವಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳನ್ನಷ್ಟೇ ನೋಡಿದವರಿಗೆ ನೇಟ್ರಾನ್ ಸಾವಿನ ಕೊಳವಾಗಿ ಉಳಿಯಿತು. ನಿಜವಾಗಿ, ಜಗತ್ತಿನ ಕಿರು ರಾಜಹಂಸಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇದೇ ನೀರಿನ ನಡುವೆ ಎಂದು ಪಕ್ಷಿತಜ್ಞರ ಅಂದಾಜು.

ಇಂಥ ಜಾಗವನ್ನು ಅರಿಯಲು ಒಂದು ಚಿತ್ರ ಸಾಲದು. ಮೊದಲು ಮೇಲಿನಿಂದ ನೋಡೋಣ. ಉಪಗ್ರಹ ಚಿತ್ರಗಳಲ್ಲಿ ನೇಟ್ರಾನ್ ಕೆಲವು ತಿಂಗಳು ಗಾಢ ಕೆಂಪಾಗಿ, ನಡುನಡುವೆ ಬಿಳಿ ಹಾಳೆಗಳು ಒಡೆದು ಬಿದ್ದ ಹಾಗೆ ಕಾಣುತ್ತದೆ. ಬಿಳಿಯದು ಸೋಡಾದ ಹೆಪ್ಪು. ಕೆಂಪು ಬಣ್ಣ ಉಪ್ಪನ್ನೇ ಇಷ್ಟಪಡುವ ಸೂಕ್ಷ್ಮಜೀವಿಗಳದ್ದು. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪಿನಂಶ ಏರಿದಂತೆ ಅವುಗಳ ಸಂಖ್ಯೆಯೂ ಏರುತ್ತದೆ. ಸರೋವರದ ಉದ್ದ ಐವತ್ತು ಕಿಲೋಮೀಟರಿಗೂ ಹೆಚ್ಚು, ಆದರೆ ಆಳ ಮೂರು ಮೀಟರು ದಾಟುವುದಿಲ್ಲ. ಕೀನ್ಯಾ ಕಡೆಯಿಂದ ಎವಾಸೊ ನೈರೊ ನದಿ ಬಂದು ಸೇರುತ್ತದೆ, ಸುತ್ತಲಿನ ಬಿಸಿನೀರಿನ ಬುಗ್ಗೆಗಳು ಸೇರುತ್ತವೆ. ಒಳಗೆ ಬಂದ ನೀರಿಗೆ ಹೊರಗೆ ಹೋಗುವ ದಾರಿಯಿಲ್ಲ. ಬಿಸಿಲು ನೀರನ್ನು ಒಯ್ಯುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಸಾವಿರಾರು ವರ್ಷ ಹೀಗೆ ನಡೆದು ನೀರಿನ ಪಿಎಚ್ ಮೌಲ್ಯ 10ನ್ನು ದಾಟಿದೆ.

ಇಷ್ಟು ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಎಲ್ಲಿಂದ ಬಂತು? ಅದೇ ಉಪಗ್ರಹ ಚಿತ್ರದಲ್ಲಿ ಕಣ್ಣನ್ನು ಸ್ವಲ್ಪ ದಕ್ಷಿಣಕ್ಕೆ ಸರಿಸಿದರೆ ಕಡಿದಾದ ಶಂಕುವಿನಾಕಾರದ ಒಂದು ಬೆಟ್ಟವಿದೆ: ಓಲ್ ಡೊಯಿನ್ಯೊ ಲೆಂಗಾಯ್. ಮಸಾಯಿ ಜನರಿಗೆ ಅದು ದೇವರ ಬೆಟ್ಟ. ಪೂರ್ವ ಆಫ್ರಿಕವನ್ನು ನಿಧಾನವಾಗಿ ಎರಡಾಗಿ ಸೀಳುತ್ತಿರುವ ಬಿರುಕು ಕಣಿವೆಯ ಮೇಲೆಯೇ ಇದು ಕುಳಿತಿದೆ. ಎತ್ತರ ಸುಮಾರು 2,960 ಮೀಟರು. ಈಗ ಉಗುಳುತ್ತಿರುವ ಜಗತ್ತಿನ ಜ್ವಾಲಾಮುಖಿಗಳಲ್ಲಿ ಇದರಂಥದು ಇನ್ನೊಂದಿಲ್ಲ. ಬೇರೆಲ್ಲ ಕಡೆ ಲಾವಾದ ಮುಖ್ಯ ಅಂಶ ಸಿಲಿಕಾ. ಇಲ್ಲಿ ಸೋಡಿಯಂ, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟುಗಳು. ಹವಾಯಿಯ ಲಾವಾ 1,100 ಡಿಗ್ರಿ ಸೆಲ್ಸಿಯಸ್ ದಾಟಿ ಕುದಿಯುವಾಗ ಲೆಂಗಾಯ್‌ನದು 500ರಿಂದ 600 ಡಿಗ್ರಿಯಲ್ಲೇ ಹರಿಯುತ್ತದೆ, ಅದೂ ಬಹಳ ತೆಳ್ಳಗೆ.

1960ರಲ್ಲಿ ಭೂವಿಜ್ಞಾನಿ ಜೆ. ಬಿ. ಡಾಸನ್ ಅದರ ಬಾಯಿಗಿಳಿದು ಈ ಲಾವಾವನ್ನು ಪರೀಕ್ಷಿಸಿದರು. ಸೋಡಿಯಂ ಕಾರ್ಬೊನೇಟಿನ ಲಾವಾ ಎಂಬ ಅವರ ವರದಿ ಭೂವಿಜ್ಞಾನಿಗಳನ್ನು ಬೆರಗುಗೊಳಿಸಿತು. ಹಗಲಿನ ಚಿತ್ರಗಳಲ್ಲಿ ಈ ಲಾವಾ ಕಪ್ಪು ಕೆಸರು ಹರಿದಂತಿದೆ, ಕೆಂಪು ಹೊಳಪೇ ಇಲ್ಲ. ಕತ್ತಲಾದ ಮೇಲಷ್ಟೇ ಮಂದವಾಗಿ ಕೆಂಪಗೆ ಕಾಣುತ್ತದೆ. ಗಾಳಿಯ ತೇವ ತಾಕಿದೊಡನೆ ಅದು ಬದಲಾಗತೊಡಗುತ್ತದೆ. ಕೆಲವೇ ದಿನಗಳಲ್ಲಿ ಕಪ್ಪು ಹೋಗಿ ಬೂದು, ಬೂದು ಹೋಗಿ ಬಿಳಿ. ಹಾಗಾಗಿ ಬೆಟ್ಟದ ತುದಿಯ ಚಿತ್ರ ನೋಡಿ ಮಂಜು ಬಿದ್ದಿದೆ ಎಂದುಕೊಳ್ಳುವವರಿದ್ದಾರೆ. ಅದು ಹಳೆಯ ಲಾವಾ, ಮಳೆ ಬಂದರೆ ಕರಗಿ ಇಳಿಯುವಂಥದು. ಬೆಟ್ಟ ಯಾವಾಗಲೂ ಇಷ್ಟು ಸೌಮ್ಯವಲ್ಲ. 1966ರಲ್ಲಿ, ಮತ್ತೆ 2007–08ರಲ್ಲಿ ಸಿಡಿದು ಬೂದಿಯನ್ನು ಆಕಾಶಕ್ಕೆ ಚಿಮ್ಮಿಸಿದೆ. ಈ ಬೂದಿ, ಸುತ್ತಲಿನ ಹಳೆಯ ಜ್ವಾಲಾಮುಖಿ ಶಿಲೆಗಳು ಮತ್ತು ಅವುಗಳ ಮೂಲಕ ಹಾದುಬರುವ ಬಿಸಿನೀರು ಸೇರಿ ಸರೋವರಕ್ಕೆ ಸೋಡಾ ತುಂಬಿವೆ.

ಕಾರ್ಬೊನೇಟ್ ಶಿಲಾರಸದಿಂದ ಆದ ಕಲ್ಲು ನಮಗೆ ತೀರಾ ದೂರದ್ದೇನಲ್ಲ. ಕಾವೇರಿ ಕರ್ನಾಟಕದ ಗಡಿ ದಾಟುವ ಹೊಗೆನಕಲ್‌ನಲ್ಲಿ ಇಂಥ ಶಿಲೆಯಿದೆ, ವಯಸ್ಸು ಸುಮಾರು 240 ಕೋಟಿ ವರ್ಷ. ಅದು ಕ್ಯಾಲ್ಸಿಯಂ ಹೆಚ್ಚಿರುವ ಬಗೆಯದು, ನೆಲದಾಳದಲ್ಲೇ ಗಟ್ಟಿಯಾದದ್ದು; ಅದಕ್ಕೇ ಉಳಿದಿದೆ. ಲೆಂಗಾಯ್‌ನ ಸೋಡಾ ಲಾವಾ ಒಂದು ಮಳೆಗಾಲವನ್ನೂ ಹಾಗೆಯೇ ಕಳೆಯಲಾರದು.

ಸರೋವರದ ದಕ್ಷಿಣ ದಡದ ಎಂಗಾರೆ ಸೆರೊದಲ್ಲಿ ಇದೇ ಬೆಟ್ಟದ ಬೂದಿ ಬೆರೆತ ಕೆಸರು ಒಣಗಿ ಕಲ್ಲಾಗಿದೆ. ಅದರ ಮೇಲೆ ನಾನೂರಕ್ಕೂ ಹೆಚ್ಚು ಮನುಷ್ಯರ ಹೆಜ್ಜೆಗುರುತುಗಳಿವೆ, ಬರಿಗಾಲಿನವು. ಕನಿಷ್ಠ 5,000 ವರ್ಷ ಹಳೆಯವು, 19,000 ವರ್ಷ ಹಳೆಯವೂ ಆಗಿರಬಹುದು. ಹೆಬ್ಬೆರಳು ಒತ್ತಿದ ಗುಳಿ, ಹಿಮ್ಮಡಿ ಇಳಿದ ಆಳ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಇನ್ನು ಪಕ್ಷಿಗಳು. ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮವರು ನೋಡುವ ದೊಡ್ಡ ರಾಜಹಂಸ ಬೇರೆ ಜಾತಿ. ನೇಟ್ರಾನಿನದು ಅದಕ್ಕಿಂತ ಗಿಡ್ಡ, ಬಣ್ಣ ಗಾಢ, ಕೊಕ್ಕು ಕಡುಗೆಂಪು. ತಲೆ ಕೆಳಗೆ ಮಾಡಿ ಕೊಕ್ಕನ್ನು ನೀರಿಗಿಳಿಸಿ, ನಾಲಗೆಯಿಂದ ನೀರನ್ನು ಎಳೆದು ತಳ್ಳುತ್ತ, ಕೊಕ್ಕಿನ ಒಳಗಿನ ಸಣ್ಣ ಎಳೆಗಳಲ್ಲಿ ಸ್ಪಿರುಲಿನಾ ಎಂಬ ನೀಲಿ-ಹಸಿರು ಸೂಕ್ಷ್ಮಜೀವಿಯನ್ನು ಸೋಸಿ ತಿನ್ನುತ್ತದೆ. ಮೈಯ ಗುಲಾಬಿ ಬಣ್ಣ ಆ ಆಹಾರದ್ದು. ಗೂಡು ಎಂದರೆ ಸೋಡಾ ಕೆಸರಿನ ಗಿಡ್ಡ ದಿಬ್ಬ, ತುದಿಯಲ್ಲಿ ತಗ್ಗು, ತಗ್ಗಿನಲ್ಲಿ ಒಂದೇ ಮೊಟ್ಟೆ. ಸುತ್ತಲಿನ ಸುಡುವ ಕ್ಷಾರ ಕೆಸರೇ ಕೋಟೆ. ಕತ್ತೆಕಿರುಬ, ನರಿಗಳು ಅದನ್ನು ದಾಟಿ ಬರಲಾರವು. ಇಲ್ಲಿ ಎಲ್ಲವೂ ನೀರಿನ ಮಟ್ಟದ ಮೇಲೆ ನಿಂತಿದೆ. ನೀರು ಹೆಚ್ಚಾದರೆ ಗೂಡು ಮುಳುಗುತ್ತದೆ, ಕಡಿಮೆಯಾದರೆ ಬೇಟೆಗಾರ ಪ್ರಾಣಿಗಳಿಗೆ ದಾರಿ ತೆರೆಯುತ್ತದೆ. ಎಷ್ಟೋ ವರ್ಷ ಒಂದು ಮರಿಯೂ ಆಗುವುದಿಲ್ಲ.

ಈ ಹಕ್ಕಿಗಳು ಎಲ್ಲಿ ಮರಿ ಮಾಡುತ್ತವೆ ಎಂಬುದು 1950ರ ದಶಕದವರೆಗೆ ಒಗಟಾಗಿತ್ತು. ಪಕ್ಷಿತಜ್ಞ ಲೆಸ್ಲಿ ಬ್ರೌನ್ ವಿಮಾನದಿಂದ ಗೂಡುಗಳನ್ನು ಗುರುತಿಸಿ, ಬಳಿಕ ಅಲ್ಲಿಗೆ ನಡೆದೇ ಹೋಗಲು ಹೊರಟರು. ಬೂಟಿನೊಳಗೆ ನುಗ್ಗಿದ ಸೋಡಾ ಕಾಲಿನ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಿತು. ಪ್ರಾಣ ಉಳಿದದ್ದೇ ಹೆಚ್ಚು, ಆಸ್ಪತ್ರೆಯಲ್ಲಿ ಬಹಳ ದಿನ ಮಲಗಬೇಕಾಯಿತು. ಅದೇ ಕೆಸರಿನಲ್ಲಿ ರಾಜಹಂಸ ಗಂಟೆಗಟ್ಟಲೆ ನಿಲ್ಲುತ್ತದೆ, ಅದರ ಕಾಲಿನ ದಪ್ಪ ಚರ್ಮಕ್ಕೆ ಏನೂ ಆಗುವುದಿಲ್ಲ. ಮರಿಗಳಿಗೆ ಮಾತ್ರ ಈ ರಕ್ಷೆ ಎಲ್ಲ ಸಲವೂ ಸಾಲದು. 1962ರಲ್ಲಿ ನೇಟ್ರಾನ್ ಉಕ್ಕಿ, ಹಕ್ಕಿಗಳು ಪಕ್ಕದ ಕೀನ್ಯಾದ ಮಗಾಡಿ ಸರೋವರದಲ್ಲಿ ಗೂಡು ಕಟ್ಟಿದವು. ಅಲ್ಲಿ ಮರಿಗಳ ಕಾಲಿಗೆ ಸೋಡಾ ಹೆಪ್ಪುಗಟ್ಟಿ ಬಳೆಯಾಗಿ ಬಿಗಿಯಿತು, ಎಷ್ಟೋ ಮರಿಗಳು ನಡೆಯಲಾರದೆ ಸತ್ತವು. ಬ್ರೌನ್, ವನ್ಯಜೀವಿ ಚಿತ್ರಗ್ರಾಹಕ ಅಲನ್ ರೂಟ್ ಮತ್ತು ಸ್ವಯಂಸೇವಕರು ಒಂದೊಂದೇ ಮರಿಯನ್ನು ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಆ ಬಳೆಗಳನ್ನು ಒಡೆದರು. ಸಾವಿರಾರು ಮರಿಗಳು ಬದುಕಿದವು. ನೇಟ್ರಾನಿನ ಕಥೆಗೆ ಮುಖಚಿತ್ರ ಒಂದನ್ನು ಆರಿಸಬೇಕಾದರೆ ನಾನು ಆರಿಸುವುದು ಆ ಸುತ್ತಿಗೆ ಹಿಡಿದ ಕೈಯನ್ನು.

ನೇಟ್ರಾನ್ ಪ್ರದೇಶ 2001ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕೆಲವೇ ವರ್ಷಗಳಲ್ಲಿ ದಡದಲ್ಲಿ ದೊಡ್ಡ ಸೋಡಾ ಕಾರ್ಖಾನೆಯ ಯೋಜನೆ ಬಂತು. ಟಾಂಜಾನಿಯ ಸರ್ಕಾರದ ಜೊತೆ ಅದರಲ್ಲಿ ಭಾರತದ ಟಾಟಾ ಕೆಮಿಕಲ್ಸ್ ಕೂಡ ಇತ್ತು. ಪಕ್ಷಿಪ್ರೇಮಿಗಳಿಂದಲೂ ವಿಜ್ಞಾನಿಗಳಿಂದಲೂ ತೀವ್ರ ವಿರೋಧ ಎದ್ದ ಮೇಲೆ ಕಂಪನಿ ಹಿಂದೆ ಸರಿಯಿತು, ಆದರೆ ಸೋಡಾ ತೆಗೆಯುವ ಮಾತು ಆಮೇಲೂ ಕೇಳಿಬಂದಿದೆ. ಸೋಡಾ ಅಮೆರಿಕದ ವಯೋಮಿಂಗ್‌ನ ಗಣಿಗಳಲ್ಲಿ ಸಿಗುತ್ತದೆ, ಮಗಾಡಿಯಲ್ಲಿ ಸಿಗುತ್ತದೆ, ಉಪ್ಪು ಮತ್ತು ಸುಣ್ಣಕಲ್ಲಿನಿಂದ ಕಾರ್ಖಾನೆಯಲ್ಲೂ ತಯಾರಾಗುತ್ತದೆ. ಪೂರ್ವ ಆಫ್ರಿಕದ ಕಿರು ರಾಜಹಂಸಕ್ಕೆ ನೆಚ್ಚಿ ಮೊಟ್ಟೆಯಿಡಲು ನೇಟ್ರಾನ್ ಬಿಟ್ಟರೆ ಬೇರೆ ಜಾಗವಿಲ್ಲ.